ಗುಡುಗಮ್ಮನ ಬಲಗಿವಿ

ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟವರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು. ಹೊಗಳುವುದಕ್ಕೆ ಇಟ್ಟ ಹೆಸರೇನಲ್ಲ. ಎರಡನೇ ಮಹಡಿಯ ಈಕೆ ಎಲೆಕ್ಟ್ರಿಕ್ ಗಿಟಾರು ಕೊಂಡು ತಂದ ಮೊದಲ ವಾರ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು, "ಮೋಡ ಇಲ್ಲ, ಮಳೆ ಇಲ್ಲ, ಈ ಗುಡುಗು ಎಲ್ಲಿಂದಮ್ಮಾ?" ಎಂದು ಕೇಳಿದ್ದರು. ಕಟ್ಟಡದವರೆಲ್ಲ ನಕ್ಕರು, ಅವಳೂ ನಕ್ಕಳು, ಹೆಸರು ಅಂಟಿಕೊಂಡುಬಿಟ್ಟಿತು. ಹದಿಮೂರು ವರ್ಷದಲ್ಲಿ ಮೇಷ್ಟ್ರಿಗೂ ಅದು ಎಷ್ಟು ಅಭ್ಯಾಸವಾಗಿದೆಯೆಂದರೆ, ಎರಡು ದಿನ ಸದ್ದು ಕೇಳದಿದ್ದರೆ ಬಾಗಿಲು ತಟ್ಟಿ, ಹುಷಾರಾಗಿದ್ದೀಯೇನಮ್ಮಾ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ನೋಡಿದರೆ ಗುಡುಗುವ ಹೆಂಗಸು ಎಂದು ಯಾರೂ ಹೇಳಲಾರರು. ನಲವತ್ತೆರಡು ವರ್ಷ, ಸಣ್ಣ ಆಳು, ಮೆತ್ತನೆಯ ಮಾತು. ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ದಿನಕ್ಕೆ ಇನ್ನೂರು ಸಲ ಕೇಳಬೇಕು. ಆಮೇಲೆ ಹಿಂದಿನ ಕೋಣೆಯಲ್ಲಿ ಕೂತು ಗಾಜುಗಳನ್ನು ಫ್ರೇಮಿನ ಅಳತೆಗೆ ಉಜ್ಜಬೇಕು. ಗೋಡೆಯ ಮೇಲಿನ ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬಂದು, ಕಾಣದಿದ್ದರೂ ಗಡಗಡ ಒಪ್ಪಿಸುವ ಗಿರಾಕಿಗಳನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. "ಸುಳ್ಳು ಹೇಳಿ ಯಾರಿಗೆ ಮೋಸ ಮಾಡ್ತೀರಿ? ಗೋಡೆಗಾ?" ಎಂದು ಮುಖದ ಮೇಲೇ ಕೇಳಿಬಿಡುತ್ತಾಳೆ. ಇದೇ ಹೆಂಗಸು ಆಮೇಲೆ ಏನು ಮಾಡಿದಳೆಂಬುದನ್ನು ನೀವೇ ನೋಡುವಿರಂತೆ.

ಗಂಡ ಗೂಡ್ಸ್ ರೈಲಿನ ಗಾರ್ಡು. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಅವನ ತಮ್ಮ, ಅಂದರೆ ಅವಳ ಮೈದುನ, ಹಾಸಿಗೆ ಅಂಗಡಿಯಲ್ಲಿ ಮಾರಾಟ ನೋಡಿಕೊಳ್ಳುತ್ತಾನೆ. ಡ್ರಮ್ ಬಾರಿಸುತ್ತಾನೆ. ಅತ್ತಿಗೆಯದು ಗಿಟಾರು ಮತ್ತು ಹಾಡು, ಮೈದುನನದು ಡ್ರಮ್ಮು ಮತ್ತು ಕಂಪ್ಯೂಟರು. ಬ್ಯಾಂಡು ಎಂದರೆ ಇಷ್ಟೇ. ರಾಕ್ ಸಂಗೀತ ಎಂದರೆ ಉದ್ದ ಕೂದಲಿನ ಹುಡುಗರದ್ದು ಎಂದುಕೊಂಡವರು ಇವರಿಬ್ಬರನ್ನು ನೋಡಿ ಮೂಗು ಮುರಿಯುವುದುಂಟು. ಮೈದುನನಿಗೆ ತಲೆಯ ಮುಂಭಾಗದಲ್ಲಿ ಕೂದಲೇ ಇಲ್ಲ. ಯಾವ ಕಂಪನಿಯೂ ಇವರನ್ನು ಕರೆದಿಲ್ಲ, ಇವರೂ ಯಾರ ಬಾಗಿಲಿಗೂ ಹೋದವರಲ್ಲ. ಅಲ್ಲಿ ಇಲ್ಲಿ ಸಣ್ಣ ಸಣ್ಣ ವೇದಿಕೆಗಳಲ್ಲಿ ಬಾರಿಸಿದ್ದಾರೆ. ಅವಳ ಸ್ವಂತ ಹಾಡುಗಳೇ ಹತ್ತೊಂಬತ್ತು ಇದ್ದವು, ಒಂದೂ ರೆಕಾರ್ಡಾಗಿರಲಿಲ್ಲ. ಈ ವರ್ಷ ಅವಳು ಹಟಕ್ಕೆ ಬಿದ್ದಳು. ಐದೇ ಹಾಡಾದರೂ ಸರಿ, ನೆಟ್ಟಗೆ ರೆಕಾರ್ಡ್ ಮಾಡಿ, ಇಂಟರ್‌ನೆಟ್ಟಿನಲ್ಲಿ ತಾವೇ ಬಿಡುಗಡೆ ಮಾಡಬೇಕು.

ಸ್ಟುಡಿಯೊ ಹುಡುಕುವ ತಾಪತ್ರಯವೇ ಬರಲಿಲ್ಲ. ಹಾಸಿಗೆ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಗೋದಾಮು ಇತ್ತು. ವಾರದ ರಜೆಯ ದಿನ ಮೈದುನ ಹಾಸಿಗೆಗಳನ್ನು ಎತ್ತಿ ನಾಲ್ಕೂ ಗೋಡೆಗೆ ಒರಗಿಸಿ ನಿಲ್ಲಿಸಿದ. ಒಳಗೆ ಎಷ್ಟು ಕಿರುಚಿದರೂ ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತಿರಲಿಲ್ಲ. ಮೊದಲ ದಿನದ ರೆಕಾರ್ಡಿಂಗಿನ ತುಂಬ ಏನೋ ಸರಸರ ಸದ್ದು ಬಂತು. ಇಬ್ಬರೂ ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಅದು ಹಾಸಿಗೆಗೆ ಸುತ್ತಿದ್ದ ಪ್ಲಾಸ್ಟಿಕ್ಕು. ಬಿಚ್ಚಿದರು. ಏಣಿಯ ಮೆಟ್ಟಿಲಿಗೆ ಮೈಕು ಕಟ್ಟಿ ಡ್ರಮ್ಮಿನ ಮೇಲೆ ಇಳಿಬಿಟ್ಟರು.

ಆ ಮುಚ್ಚಿದ ಕೋಣೆಯಲ್ಲಿ ಡ್ರಮ್ ಬಾರಿಸಿದರೆ ಕಿವಿಯ ತಮಟೆ ಹರಿದುಹೋಗುವಂತಿತ್ತು. ಅದಕ್ಕೂ ಮೈದುನನ ಹತ್ತಿರ ಉಪಾಯವಿತ್ತು. ಹಾಸಿಗೆ ಕತ್ತರಿಸಿ ಉಳಿದ ಫೋಮಿನಿಂದ ಬೆರಳ ತುದಿಯಷ್ಟಷ್ಟು ಚೂರು ಕತ್ತರಿಸಿ, "ತುರುಕ್ಕೊಳ್ಳಿ ಅತ್ತಿಗೆ" ಎಂದು ಕೊಟ್ಟ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಡ್ರಮ್ಮಿನ ಜೊತೆ ಝಲ್ಲೆನ್ನುವ ಕಂಚಿನ ತಟ್ಟೆಗಳೆಲ್ಲ ಅವಳ ಬಲಕ್ಕೇ ಬರುತ್ತಿದ್ದವು. ಹಾಗಾಗಿ ಬಲಗಿವಿಗೆ ಒಂದಿಷ್ಟು ಜಾಸ್ತಿಯೇ ಒತ್ತಿ ತುರುಕಿಕೊಂಡಳು. ಮೂರು ರಜೆಗಳಲ್ಲಿ ಐದು ಹಾಡಿನ ಡ್ರಮ್ಮೂ ಮುಗಿಯಿತು. ಗಿಟಾರು ಆಯಿತು, ಹಾಡುಗಾರಿಕೆಯೂ ಆಯಿತು. ಕೊನೆಗೆ ಎಲ್ಲ ಸದ್ದುಗಳನ್ನೂ ಹದಕ್ಕೆ ತಂದು ಕೂಡಿಸುವ ಕೆಲಸ ಉಳಿಯಿತು. ಅದಕ್ಕೆ ಇವರು ಮಿಕ್ಸಿಂಗ್ ಎನ್ನುತ್ತಾರೆ. ಅವಳು ಎರಡು ಸಲ ನುಡಿಸಿದ ಗಿಟಾರು ಎಡಗಿವಿಗೊಂದು, ಬಲಗಿವಿಗೊಂದು ಕೇಳಬೇಕು. ಯಾವುದು ಎಷ್ಟಿರಬೇಕೆಂದು ಹೇಳುವ ಅಧಿಕಾರ ಅವಳದು, ಏರಿಸಿ ಇಳಿಸುವ ಕೈ ಮೈದುನನದು.

"ಬಲಗಡೇದು ಇನ್ನೊಂಚೂರು ಏರಿಸು."

"ಏರಿಸ್ದೆ."

"ಇನ್ನೂ ಏರಿಸೋ."

ಮೈದುನ ಒಂದು ಸಲ ಅವಳ ಮುಖ ನೋಡಿ, ಏರಿಸುತ್ತಿದ್ದ.

ಅವಳಿಗೆ ವಿಷಯ ಗೊತ್ತಾದದ್ದು ಒಂದು ಮಧ್ಯಾಹ್ನ, ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ಎಡಗೈಯಲ್ಲಿ ಗಾಜು ಹಿಡಿದಿದ್ದಳು, ಗಂಡನ ಫೋನು ಬಂತು. ಬಲಗಿವಿಗೆ ಒತ್ತಿಕೊಂಡು ಹಲೋ ಎಂದಳು. ಆ ಕಡೆಯಿಂದ ಮಾತಿಲ್ಲ. ಲೈನು ಕಟ್ಟಾಯಿತೆಂದು ಫೋನು ಕೆಳಗಿಟ್ಟರೆ, ಮೇಜಿನ ಮೇಲಿಂದ ಗಂಡ, "ಊಟ ಆಯ್ತಾ ಅಂತ ಮೂರು ಸಲ ಕೇಳ್ದೆ ಕಣೇ" ಎನ್ನುತ್ತಿದ್ದಾನೆ. ಎಡಗಿವಿಗೆ ಹಿಡಿದಳು, ಸ್ಪಷ್ಟವಾಗಿ ಕೇಳಿತು. ಮತ್ತೆ ಬಲಕ್ಕೆ ಹಿಡಿದಳು. ಎಲ್ಲೋ ದೂರದ ಬಾವಿಯೊಳಗಿಂದ ಬಂದ ಹಾಗಿತ್ತು. ಹೆದರಿ ಫೋನು ಇಟ್ಟುಬಿಟ್ಟಳು.

ಹೀಗೆ ಹೆದರುವುದಕ್ಕೆ ಕಾರಣವಿತ್ತು. ಅವಳ ಅಪ್ಪ ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ದುಡಿದವರು. ಐವತ್ತು ದಾಟುತ್ತಲೇ, "ಕಿವೀಲಿ ಹತ್ತಿ ತುಂಬಿದ ಹಾಗಿದೆ" ಎನ್ನತೊಡಗಿದ್ದರು. ಅರವತ್ತಕ್ಕೆ ಎರಡೂ ಕಿವಿ ಮುಕ್ಕಾಲು ಹೋಗಿತ್ತು. ಕಿವಿಗೆ ಹಾಕುವ ಮಿಷನ್ನು ಕೊಡಿಸಿದರೆ, ಕೀಂ ಅನ್ನುತ್ತದೆ ಎಂದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಈಗ ಅವಳ ಬಲಗಿವಿಯಲ್ಲೂ ಥೇಟು ಹತ್ತಿ ತುಂಬಿದ ಹಾಗೆಯೇ. ಹದಿಮೂರು ವರ್ಷ ಗುಡುಗಿದ್ದಕ್ಕೆ ಶಿಕ್ಷೆ ಬಂತು ಎಂದುಕೊಂಡಳು. ಇವತ್ತು ಬಲಗಿವಿ, ನಾಳೆ ಎಡಗಿವಿ. ಆಮೇಲೆ ಗಿಟಾರಿನ ತಂತಿ ಶ್ರುತಿ ಮಾಡುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕು.

ಯಾರಿಗಾದರೂ ಹೇಳಿದಳೇ? ಉಹುಂ. ಅಕ್ಷರ ಬಾಯಿಪಾಠ ಮಾಡಿ ಬರುವ ಗಿರಾಕಿಗಳನ್ನು ಬೈಯುವ ಈ ಮಹಾತಾಯಿ, ಮುಂದಿನ ರಜೆಯ ದಿನ ಗೋದಾಮಿಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಕೇಳಿಸಿದ್ದಕ್ಕೂ ಕೇಳಿಸದ್ದಕ್ಕೂ ತಲೆಯಾಡಿಸಿದಳು. ಹೇಳಿದರೆ ಹಾಡು ತನ್ನ ಕೈತಪ್ಪಿ ಹೋಗುತ್ತದೆ, ಮೈದುನ ಕೆಲಸ ನಿಲ್ಲಿಸಿ ಆಸ್ಪತ್ರೆ ಸುತ್ತಿಸುತ್ತಾನೆ, ಗಂಡ ರಜೆ ಹಾಕಿ ಬಂದು ಕೂರುತ್ತಾನೆ. ಅದೆಲ್ಲ ಆಮೇಲೆ ಆಗಲಿ, ಮೊದಲು ಐದು ಹಾಡು ಹೊರಗೆ ಬರಲಿ. ಪೂರ್ತಿ ಕಿವುಡಿಯಾಗುವ ಮೊದಲು ಒಂದಾದರೂ ಗುರುತು ಉಳಿಯಲಿ. ಇದು ಅವಳ ಲೆಕ್ಕಾಚಾರ.

"ಬೇಗ ಮುಗಿಸಿಬಿಡೋಣ ಕಣೋ," ಎಂದಳು.

"ಹೂಂ ಅತ್ತಿಗೆ, ಬೇಗ ಮುಗಿಸಿಬಿಡೋಣ," ಎಂದ ಮೈದುನ. ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡಿ ಮಾಡಿ ಹಾಸಿಗೆಯ ಗುಣವೇ ಬಂದಂತಿದ್ದ ಸೋಮಾರಿ ಅವನು. ಈಗ ಅವಳು ಬರುವ ಮೊದಲೇ ಬಂದು ಕಂಪ್ಯೂಟರ್ ಹಾಕಿ ಕೂತಿರುತ್ತಿದ್ದ. ಅವಳು ತನ್ನ ಚಿಂತೆಯಲ್ಲಿ ಅದನ್ನು ಗಮನಿಸಲಿಲ್ಲ.

ಐದೂ ಹಾಡುಗಳು ಸಿದ್ಧವಾದವು. ಮೈದುನ ಕಡತಗಳನ್ನು ಹಾಡು ಬಿಡುಗಡೆ ಮಾಡುವ ವೆಬ್‌ಸೈಟಿಗೆ ಕಳಿಸಿದ. ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದುಕೊಳ್ಳುತ್ತವೆ ಎಂದು ಗೊತ್ತಾಯಿತು. ಮಂಗಳವಾರ ಅಪ್ಪ ಅಣ್ಣನ ಮನೆಯಿಂದ ಬಂದರು, ಮಗಳ ಜೊತೆ ಹದಿನೈದು ದಿನ ಇದ್ದು ಹೋಗಲು.

ಕಿವಿ ಹೋದವರ ಕಣ್ಣು ಚುರುಕು. ಮಗಳು ಮಾತಾಡುವಾಗ ಕುತ್ತಿಗೆ ವಾಲಿಸುತ್ತಾಳೆ. ಫೋನು ಬಲಗೈಯಲ್ಲಿ ತೆಗೆದುಕೊಂಡು ಎಡಗೈಗೆ ದಾಟಿಸುತ್ತಾಳೆ. ಊಟಕ್ಕೆ ಕೂರುವಾಗ ಯಾವಾಗಲೂ ಗೋಡೆಯನ್ನು ಬಲಕ್ಕೆ ಹಾಕಿಕೊಳ್ಳುತ್ತಾಳೆ. ಅಪ್ಪ ಒಂದು ದಿನ ಸುಮ್ಮನೆ ನೋಡಿದರು. ಬುಧವಾರ ಸಂಜೆ ಅವಳು ಒಲೆಯ ಮುಂದೆ ನಿಂತಿದ್ದಾಗ ಹಿಂದಿನಿಂದ ಬಂದು, ಅವಳ ಬಲಭಾಗಕ್ಕೆ ಒಂದು ಚಮಚ ಎತ್ತಿ ನೆಲಕ್ಕೆ ಹಾಕಿದರು. ಆ ಸದ್ದು ಅವರಿಗಂತೂ ಕೇಳಲಿಲ್ಲ. ಮಗಳಿಗೆ ಕೇಳಿತು, ಬೆಚ್ಚಿ ತಿರುಗಿದಳು. ಆದರೆ ತಿರುಗಿದ್ದು ಎಡಕ್ಕೆ.

"ಯಾವಾಗಿಂದ?" ಎಂದರು ಅಪ್ಪ. ಅವರ ಮಾತು ಯಾವಾಗಲೂ ಜೋರು. ಮೂರನೇ ಮಹಡಿಗೂ ಕೇಳಿರಬೇಕು.

"ಏನು ಯಾವಾಗಿಂದ?"

"ನನ್ ಹತ್ರ ನಾಟಕ ಬೇಡ," ಎಂದರು ಅಪ್ಪ, ಅವಳ ತುಟಿ ನೋಡಿಯೇ. " ಒಂದು ಕಿವಿ ಹೋದ್ರೆ ಸದ್ದು ಎಲ್ಲಿಂದ ಬಂತು ಅನ್ನೋದೂ ಹೋಗುತ್ತೆ. ನಾನೂ ಎರಡು ವರ್ಷ ಹಿಂಗೇ ಮುಚ್ಚಿಟ್ಟೆ. ಆಗ್ಲೇ ತೋರಿಸಿದ್ರೆ ಒಂದು ಕಿವಿಯಾದ್ರೂ ಉಳೀತಿತ್ತು ಅಂದ್ರು ಡಾಕ್ಟ್ರು."

ಅದನ್ನು ಅಪ್ಪ ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳು ಒಲೆ ಆರಿಸಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತಳು. ಅಪ್ಪ ತಲೆ ಸವರಲಿಲ್ಲ, ಸಮಾಧಾನದ ಮಾತಾಡಲಿಲ್ಲ. ನಾಳೆ ಬೆಳಿಗ್ಗೆ ಕಿವಿ ಡಾಕ್ಟರ ಹತ್ತಿರ ಹೋಗುವುದು ಎಂದರು, ಅಷ್ಟೇ.

ಹಾಗಾಗಿ ಗುರುವಾರ ಹತ್ತು ಗಂಟೆಗೆ, ಅವಳ ಐದು ಹಾಡುಗಳು ಲೋಕಕ್ಕೆ ತೆರೆದುಕೊಂಡಾಗ, ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದಳು. ಹದಿಮೂರು ವರ್ಷ ಕಾದ ಗಳಿಗೆ. ಆದರೆ ಅವಳ ತಲೆಯಲ್ಲಿ ಇದ್ದದ್ದು ಒಂದೇ, ಒಳಗಿರುವ ಡಾಕ್ಟರಮ್ಮ ಏನು ಹೇಳುತ್ತಾರೋ ಎಂಬುದು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ಕೂತು ಎದುರಿನ ಗೋಡೆಯಲ್ಲಿದ್ದ ಕಿವಿಯ ಚಿತ್ರವನ್ನು ಹಳೇ ಶತ್ರುವನ್ನು ನೋಡುವಂತೆ ನೋಡುತ್ತಿದ್ದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. "ಏನು ಕೆಲಸ ಮಾಡ್ತೀರಿ ನೀವು?" ಎಂದು ಕೇಳಿದರು. ಕನ್ನಡಕದ ಅಂಗಡಿ ಎಂದಳು. "ಅಲ್ಲ, ಕಿವಿಗೆ ಏನಾದ್ರೂ ಹಾಕ್ಕೊಳ್ತೀರಾ?" ಅವಳು ಬಾಯಿ ಬಿಡುವಷ್ಟರಲ್ಲಿ ಸಣ್ಣ ಚಿಮಟ ಒಳಗೆ ಹೋಗಿತ್ತು. ಚುಳ್ಳೆಂದಿತು. ಪರ್ರ್ ಎಂದು ಏನೋ ಎಳೆದಂತಾಯಿತು. ಒಮ್ಮೆಲೇ ಬಲಗಡೆಯ ಲೋಕವೆಲ್ಲ ಒಳಗೆ ನುಗ್ಗಿತು. ಫ್ಯಾನಿನ ಸದ್ದು, ನರ್ಸಿನ ಚಪ್ಪಲಿಯ ಕಿರಕಿರ, ಹೊರಗೆ ಯಾರೋ ಟೋಕನ್ ನಂಬರು ಕೂಗುವುದು, ಅಪ್ಪನ ದಪ್ಪ ಉಸಿರು. ಎಲ್ಲಕ್ಕೂ ಒಂದೊಂದು ದಿಕ್ಕಿತ್ತು.

ಬಿಳಿ ತಟ್ಟೆಯಲ್ಲಿ ಕಡಲೆಕಾಳಷ್ಟು ಬೂದು ಬಣ್ಣದ ಚೂರು ಬಿದ್ದಿತ್ತು.

"ಫೋಮು," ಎಂದರು ಡಾಕ್ಟರಮ್ಮ. "ಎಳೆಯುವಾಗ ತುದಿ ಹರಿದು ಒಳಗೇ ಉಳಿದಿದೆ. ಕಿವಿ ಚೆನ್ನಾಗಿದೆ. ಸ್ವಲ್ಪ ಕೆಂಪಗಾಗಿದೆ, ಹನಿ ಹಾಕಿ, ವಾರದಲ್ಲಿ ಹೋಗುತ್ತೆ. ಆಮೇಲೆ ಕೆಳಗೆ ಮೆಡಿಕಲ್ ಶಾಪಲ್ಲಿ ಕಿವಿಗೆ ಹಾಕೋ ಸರಿಯಾದ ಪ್ಲಗ್ಗು ಸಿಗುತ್ತೆ, ದಾರ ಇರೋದು. ಅದನ್ನ ತಗೊಳ್ದೆ ಮನೆಗೆ ಹೋಗ್ಬೇಡಿ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವಳು ಡಾಕ್ಟರಮ್ಮನ ಕಾಲಿಗೆ ಬೀಳಬೇಕೋ ನಗಬೇಕೋ ತಿಳಿಯದೆ, ಕುರ್ಚಿಯ ಕೈ ಹಿಡಿದುಕೊಂಡು ಬೆಪ್ಪಾಗಿ ಕೂತಳು. ಅಪ್ಪನಿಗೆ ಮಾತ್ರ ಒಂದಕ್ಷರ ಕೇಳಿರಲಿಲ್ಲ. ಮಗಳ ಕಣ್ಣಲ್ಲಿ ನೀರು ಕಂಡು ಅವರ ಮುಖ ಬಿಳಿಚಿಕೊಂಡಿತ್ತು.

"ಪೂರ್ತಿ ಹೋಯ್ತಂತಾ?" ಎಂದರು, ಇಡೀ ಆಸ್ಪತ್ರೆಗೆ ಕೇಳುವಂತೆ.

"ಇಲ್ಲಪ್ಪಾ! ಹಾಸಿಗೆ!" ಎಂದು ಅವಳು ಅವರ ಕಿವಿಗೆ ಬಾಯಿಟ್ಟು ಕೂಗಿದಳು.

"ಏನು?"

"ಹಾಸಿಗೆ! ಕಿವೀಲಿ ಹಾಸಿಗೆ ಇತ್ತು!"

ಬೆಂಚಿನ ಮೇಲಿದ್ದವರೆಲ್ಲ ಬಾಗಿಲಿನತ್ತ ತಿರುಗಿದರು. ಅಪ್ಪ ತಟ್ಟೆಯೊಳಗೆ ಬಗ್ಗಿ ನೋಡಿ, ಜೇಬಿನಿಂದ ಮಿಷನ್ನು ತೆಗೆದು ಕಿವಿಗೆ ಹಾಕಿಕೊಂಡು, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಎಂದು ಡಾಕ್ಟರಮ್ಮನ ಬಾಯಿಯಿಂದಲೇ ಎಲ್ಲ ಹೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಸ್ಪತ್ರೆಯ ಮೆಟ್ಟಿಲಿಳಿಯುವ ಹೊತ್ತಿಗೆ ಅವಳು ಗಕ್ಕನೆ ನಿಂತಳು. ಕಿವಿ ಸರಿಯಾಗಿದೆ ಎಂದರೆ, ಹಾಡು? ಬಲಗಡೆ ಏರಿಸು, ಇನ್ನೂ ಏರಿಸು ಎಂದು ತಾನೇ ಕೂತು ಏರಿಸಿದ್ದಲ್ಲವೇ? ಕಿವಿಯಲ್ಲಿ ಫೋಮು ತುಂಬಿಕೊಂಡವಳ ಹದಕ್ಕೆ ಮಾಡಿದ ಹಾಡು, ನೆಟ್ಟಗಿರುವ ಕಿವಿಗೆ ಎಷ್ಟು ಅಸಹ್ಯವಾಗಿ ಕೇಳಬೇಡ! ಫೋನು ತೆಗೆದು ನೋಡಿದಳು. ಬಿಡುಗಡೆಯಾಗಿ ಒಂದೂವರೆ ಗಂಟೆಯಾಗಿತ್ತು, ಮೂವತ್ತೇಳು ಜನ ಆಗಲೇ ಕೇಳಿದ್ದರು. ಮೇಷ್ಟ್ರ ಸಂದೇಶವೂ ಬಂದಿತ್ತು. ಅದನ್ನು ಓದುವ ಧೈರ್ಯವಾಗಲಿಲ್ಲ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಎಡ ಬಲ ತಿಳಿಯುವುದಿಲ್ಲ, ಹೆಡ್‌ಫೋನ್ ತಂದಿರಲಿಲ್ಲ. ಅಪ್ಪನನ್ನು ಆಟೋ ಹತ್ತಿಸಿ ಮನೆಗೆ ಕಳಿಸಿದಳು. ಪ್ಲಗ್ಗು ಕೊಂಡು, ಹರಿದ ಚೂರನ್ನು ಔಷಧಿ ಚೀಟಿಯಲ್ಲಿ ಸುತ್ತಿಕೊಂಡು ಹಾಸಿಗೆ ಅಂಗಡಿಗೆ ಓಡಿದಳು.

ಮೈದುನ ಒಬ್ಬ ದಪ್ಪ ಗಿರಾಕಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಮಗ್ಗುಲು ಬದಲಿಸಿ ನೋಡಿ ಸಾರ್ ಎನ್ನುತ್ತಿದ್ದ.

"ತೆಗಿಸೋ ಅದನ್ನ! ಇಂಟರ್‌ನೆಟ್ಟಿಂದ ತೆಗಿಸು, ಈಗಿಂದೀಗ್ಲೇ!" ಎನ್ನುತ್ತಲೇ ಒಳಗೆ ಬಂದಳು.

"ಯಾಕತ್ತಿಗೆ? ಏನಾಯ್ತು?"

ಅವಳು ಒಂದೇ ಉಸಿರಿಗೆ ಎಲ್ಲ ಒದರಿದಳು. ಕಿವಿ ಕೇಳದ್ದು, ಮುಚ್ಚಿಟ್ಟದ್ದು, ಅಪ್ಪ, ಚಮಚ, ಡಾಕ್ಟರಮ್ಮ. ಚೀಟಿ ಬಿಚ್ಚಿ ಚೂರು ತೋರಿಸಿದಳು. ಮೈದುನ ಅದನ್ನು ತೆಗೆದುಕೊಂಡು, ಬೆರಳ ನಡುವೆ ಒತ್ತಿ ನೋಡಿದ. ದಿನವಿಡೀ ಫೋಮು ಒತ್ತಿ ನೋಡುವ ಕೈ.

"ಇಷ್ಟೇನಾ?" ಎಂದ. "ಕಿವಿಗೆ ಬೇರೇನೂ ಆಗಿಲ್ವಾ?"

"ಇಷ್ಟೇ ಕಣೋ. ಕಿವಿ ಸರಿಯಿದೆ, ಹಾಡು ಕೆಟ್ಟಿದೆ. ಮೊದ್ಲು ತೆಗಿಸು."

ಅವನು ಗಲ್ಲಾದ ಕೆಳಗಿಂದ ಹೆಡ್‌ಫೋನ್ ತೆಗೆದು ಕೊಟ್ಟ. "ಮೊದ್ಲು ಕೇಳಿ," ಎಂದ. ಅವಳು ಹಾಕಿಕೊಂಡಳು. ಮೊದಲ ಹಾಡು ಶುರುವಾಯಿತು. ಎಡಕ್ಕೊಂದು ಗಿಟಾರು, ಬಲಕ್ಕೊಂದು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನಡುವೆ ಅವಳದೇ ದನಿ. ತನ್ನ ಹಾಡು ಇಷ್ಟು ಚೆನ್ನಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಎರಡನೆಯದಕ್ಕೆ ದಾಟಿಸಿದಳು, ಮೂರನೆಯದಕ್ಕೆ ದಾಟಿಸಿದಳು. ಹೆಡ್‌ಫೋನ್ ತೆಗೆದಳು.

"ಇದು ನಾನು ಹೇಳಿದ ಹಾಗಿಲ್ಲ."

"ಇಲ್ಲ. ನೀವು ಏರಿಸಿ ಮನೆಗೆ ಹೋದ್ಮೇಲೆ ನಾನು ಇಳಿಸ್ತಿದ್ದೆ."

"ನನಗೆ ಹೇಳ್ದೆ? ನನ್ನ ಹಾಡನ್ನ?"

"ಒಂದಿನ ಹೆಡ್‌ಫೋನನ್ನೇ ತಿರುಗಿಸಿ ಕೊಟ್ಟೆ ಅತ್ತಿಗೆ. ಎಡಗಡೇದು ಬಲಗಿವಿಗೆ ಬರೋ ಹಾಗೆ. ಆಗ್ಲೂ ನೀವು ಬಲಗಡೆಯದೇ ಕಮ್ಮಿ ಅಂದ್ರಿ. ಆವತ್ತೇ ಗೊತ್ತಾಯ್ತು ನನಗೆ, ತೊಂದರೆ ಹಾಡಲ್ಲಿಲ್ಲ ಅಂತ." ಅವನು ಚೂರನ್ನು ಇನ್ನೂ ಒತ್ತುತ್ತಲೇ ಇದ್ದ. "ಹೇಗೆ ಹೇಳ್ಲಿ? ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ."

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಇಬ್ಬರೂ ಬಾಯಿ ಬಿಡದೆ, ಒಬ್ಬರು ಏರಿಸಿ ಒಬ್ಬರು ಇಳಿಸಿ, ಒಂದು ತಿಂಗಳು ದಂಡ ಮಾಡಿದ್ದಾರೆ! ಬೈಯಲು ಬಾಯಿ ತೆರೆದಳು. ಆದರೆ ಮೈದುನ ಗಿರಾಕಿಯ ಕಾಲ ಬಳಿ, ಅದೇ ಹಾಸಿಗೆಯ ತುದಿಯಲ್ಲಿ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವನ ಭುಜ ಅಲುಗುತ್ತಿತ್ತು. ಗಿರಾಕಿ ಮಲಗಿದಲ್ಲೇ ಕಾಲು ಮಡಚಿಕೊಂಡು ಜಾಗ ಬಿಟ್ಟ.

"ನನ್ನಿಂದ ಅಂದ್ಕೊಂಡಿದ್ದೆ," ಎಂದ ಮೈದುನ ಕೈಯ ಹಿಂದಿನಿಂದ. "ಹದಿಮೂರು ವರ್ಷ ನಿಮ್ಮ ಕಿವಿ ಪಕ್ಕದಲ್ಲೇ ಬಾರಿಸಿದ್ದೀನಲ್ಲ. ನನ್ನ ಡ್ರಮ್ಮೇ ನಿಮ್ಮ ಕಿವಿ ತೆಗೀತು ಅಂತ. ಅದಕ್ಕೇ ಕಳಚಿಟ್ಟುಬಿಟ್ಟೆ."

ಅವಳ ಸಿಟ್ಟು ಅಲ್ಲೇ ನಿಂತಿತು. ಮೆಲ್ಲಗೆ ಕೇಳಿದಳು, "ಡ್ರಮ್ಮೆಲ್ಲಿ?"

ಅವನು ಗೋದಾಮಿನ ಕಡೆ ಕೈ ತೋರಿಸಿದ. ಹೋಗಿ ನೋಡಿದಳು. ಡ್ರಮ್ಮುಗಳನ್ನೆಲ್ಲ ಕಳಚಿ, ಒಂದೊಂದನ್ನೂ ಹಾಸಿಗೆಯ ಚೀಲಕ್ಕೆ ಹಾಕಿ, ಹಗ್ಗ ಬಿಗಿದು ಬಾಗಿಲ ಬಳಿ ಸಾಲಾಗಿ ಇಟ್ಟಿದ್ದ. ಶಾಲೆಯೊಂದಕ್ಕೆ ಕೊಟ್ಟುಬಿಡುತ್ತೇನೆಂದು ಹೇಳಿದ್ದನಂತೆ. ಮಧ್ಯಾಹ್ನ ಒಯ್ಯಲು ಬರುವವರಿದ್ದರಂತೆ. ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದನಂತೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ತಪ್ಪು ಮಾಡಿದ ಮಗುವಿನ ಹಾಗೆ ಹೇಳಿದ.

"ಶಾಲೆಗೆ ಫೋನ್ ಮಾಡು. ಕೊಡಲ್ಲ ಅನ್ನು," ಎಂದಳು. ಅವನು ಮಾಡುವಷ್ಟರಲ್ಲಿ ಅವಳು ನೆಲದ ಮೇಲೆ ಕೂತು ಹಲ್ಲಿನಿಂದ ಹಗ್ಗದ ಗಂಟು ಬಿಚ್ಚತೊಡಗಿದ್ದಳು. ಅರ್ಧ ಗಂಟೆ ಬೇಕಾಯಿತು, ಮತ್ತೆ ಎಲ್ಲ ಜೋಡಿಸಲು. ಮೈದುನ ಸ್ಟೂಲಿನ ಮೇಲೆ ಕೂತು ಕೋಲು ಹಿಡಿದ. ಅವಳು ತನ್ನ ಜಾಗದಲ್ಲಿ ನಿಂತು, ಹೊಸ ಪ್ಲಗ್ಗನ್ನು ಎರಡೂ ಕಿವಿಗೆ ಹಾಕಿಕೊಂಡು, ದಾರವನ್ನು ಕುತ್ತಿಗೆಯ ಹಿಂದೆ ಬಿಟ್ಟುಕೊಂಡಳು.

ಅವನು ಬಾರಿಸಿದ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವಂತೆ, ಮೆಲ್ಲಗೆ, ತುದಿಬೆರಳಿನಲ್ಲಿ ತಟ್ಟಿದ ಹಾಗೆ.

"ಕೇಳ್ತಿದೆಯಾ ಅತ್ತಿಗೆ?"

"ಕೇಳ್ತಿದೆ. ಜೋರಾಗಿ ಬಾರಿಸು."

ಕೋಲು ಎತ್ತಿದ. ಎತ್ತಿದ ಕೈ ಮೇಲೆಯೇ ನಿಂತಿತು. ಅವನ ಕಣ್ಣು ಅವಳ ಬಲಗಿವಿಯ ಮೇಲಿತ್ತು.

"ಬಾರಿಸೋ," ಎಂದಳು ಅವಳು. "ನಿನ್ನಿಂದ ಏನೂ ಆಗಿಲ್ಲ. ಬಾರಿಸು."

ಅವನು ಬಾರಿಸಿದ. ಅಂಗಡಿಯ ಮುಂಭಾಗದಲ್ಲಿ ಕಣ್ಣು ಮುಚ್ಚಿಕೊಂಡಿದ್ದ ದಪ್ಪ ಗಿರಾಕಿ ಹಾಸಿಗೆಯ ಮೇಲೆ ಎದ್ದು ಕೂತ.